ಘಟ್ಟ ಹತ್ತುವ ಮುನ್ನ: ಕರಾವಳಿಯಲ್ಲಿ ಹಳೆಯ ಎಂಜಿಬಿಯ ಕೂಲಿಂಗ್ ವ್ಯವಸ್ಥೆ ಕಾಪಾಡುವ ಕ್ರಮ

ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ, ಕಾರವಾರದಿಂದ ಜೋಯಿಡಾಕ್ಕೆ ಅಣಶಿ ಘಟ್ಟ. ಉತ್ತರ ಕನ್ನಡದ ಕರಾವಳಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಪೂರ್ವಕ್ಕೆ ಎಲ್ಲಿಗೆ ಹೊರಟರೂ ಒಂದು ಘಟ್ಟ ಹತ್ತಲೇಬೇಕು. ಸಮುದ್ರದ ಬದಿಯ ಹೆದ್ದಾರಿಯಲ್ಲಿ ತಕರಾರಿಲ್ಲದೆ ಓಡಿದ ಗಾಡಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತ ತಿರುವು ಹತ್ತುವಾಗ ಕುದಿಯತೊಡಗುತ್ತದೆ. ಗ್ಯಾರೇಜಿಗೆ ಒಯ್ದರೆ ಮೊದಲು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ವಾಲ್ವ್) ಕಿತ್ತು ತೆಗೆಯುತ್ತಾರೆ, ಆಮೇಲೆ ರೇಡಿಯೇಟರ್ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಇಂಥ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗ ಬೇರೆಯೇ. ಎಂಜಿನ್ ಬ್ಲಾಕಿನ ಹಿಂಭಾಗದಲ್ಲಿ, ನಾಲ್ಕನೇ ಸಿಲಿಂಡರಿನ ಸುತ್ತ, ವರ್ಷಗಟ್ಟಲೆ ಬರೀ ಬಾವಿನೀರು ಹಾಕಿದ್ದರಿಂದ ಕೂತ ತುಕ್ಕಿನ ಗಸಿ ಅಲ್ಲಿರುತ್ತದೆ. ಅದನ್ನು ತೆಗೆಯದೆ ಹೊಸ ರೇಡಿಯೇಟರ್ ಹಾಕಿದರೆ ಅದೇ ಗಸಿ ಹೊಸದರ ನಳಿಗೆಗಳನ್ನೂ ಕಟ್ಟುತ್ತದೆ.

ಇಲ್ಲಿ ಕೊಟ್ಟ ಅಳತೆಗಳು ಎಂಜಿಬಿಯವು. 1962ರಿಂದ 1980ರವರೆಗೆ ತಯಾರಾದ, 1798 ಸಿಸಿ ಬಿ-ಸೀರೀಸ್ ಎಂಜಿನ್ನಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಈ ಎಂಜಿನ್ ಅಪರಿಚಿತವಲ್ಲ. ಹಳೆಯ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಅಂಬಾಸಡರ್ ಬಿಚ್ಚಿ ಕಟ್ಟಿದ ಹಿರಿಯ ಕೈ ಶಿರಸಿಯಲ್ಲೋ ಹೊನ್ನಾವರದಲ್ಲೋ ಸಿಕ್ಕರೆ ಅವರನ್ನು ಬಿಡಬೇಡಿ. ಮಿಜೆಟ್, ಸ್ಪಿಟ್‌ಫೈರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೂ ಕ್ರಮ ಇದೇ, ಲೀಟರ್ ಮತ್ತು ಬೋಲ್ಟ್ ಲೆಕ್ಕ ಮಾತ್ರ ಬೇರೆ.

ಯಾವಾಗ ಬಿಸಿಯಾಗುತ್ತದೆ?

ಸ್ಪ್ಯಾನರ್ ಹಿಡಿಯುವ ಮೊದಲು ಇದಕ್ಕೆ ಉತ್ತರ ಬೇಕು. ಪೇಟೆಯಲ್ಲಿ ನಿಂತಾಗ ಬಿಸಿಯಾಗಿ, ರಸ್ತೆಗಿಳಿದ ಮೇಲೆ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಳಗಿಳಿದರೆ ದೋಷ ಗಾಳಿಯದು: ಫ್ಯಾನ್, ಬೆಲ್ಟ್, ರೇಡಿಯೇಟರ್ ಸುತ್ತಲಿನ ಸಂದುಗಳು. ನಿಂತಾಗ ಸರಿಯಿದ್ದು ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ನೀರು ಸಾಕಷ್ಟು ಹರಿಯುತ್ತಿಲ್ಲ, ಇಲ್ಲವೇ ಎಂಜಿನ್ನೇ ಬೇಡದ ಶಾಖ ಹುಟ್ಟಿಸುತ್ತಿದೆ. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಅಥವಾ ತಣ್ಣಗಿನ ಎಂಜಿನ್ನಿನಲ್ಲಿ ಕ್ಯಾಪ್ ತೆಗೆದು ಓಡಿಸಿದಾಗ ಎಡೆಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಸೋರುತ್ತಿರಬಹುದು. ರೇಡಿಯೇಟರ್ ಬಾಯಿಯ ಗಾಳಿಯಲ್ಲಿ ಎಕ್ಸಾಸ್ಟ್ ಅನಿಲವಿದ್ದರೆ ಬಣ್ಣ ಬದಲಿಸುವ ಪರೀಕ್ಷಾ ದ್ರಾವಣ ಸಿಗುತ್ತದೆ, ಅದನ್ನು ಬಳಸಿ ಖಚಿತಪಡಿಸಿಕೊಳ್ಳಿ. ಗ್ಯಾಸ್ಕೆಟ್ ಹೋಗಿದ್ದರೆ ಮುಂದಿನ ಯಾವ ಕೆಲಸವೂ ಉಪಯೋಗಕ್ಕೆ ಬರುವುದಿಲ್ಲ, ಮೊದಲು ಅದನ್ನು ಮುಗಿಸಿ.

ಮೀಟರಿನ ಮಾತನ್ನೂ ಪೂರ್ತಿ ನಂಬಬೇಡಿ. ಮೊದಲ ಮಾದರಿಗಳಲ್ಲಿ ಇರುವುದು ತೆಳು ತಾಮ್ರದ ನಳಿಗೆಯ ಮೀಟರ್. ಅದರ ಬಲ್ಬನ್ನು ಹೆಡ್‌ನಿಂದ ಜೋಪಾನವಾಗಿ ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ. ಕರಾವಳಿಯಲ್ಲಿ ಮುಳ್ಳು 212 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಶಿರಸಿಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಅಲ್ಲಿ ಮುಳ್ಳು ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ. ನಳಿಗೆ ಮುರಿದರೆ ಮೀಟರ್ ಹೋದಂತೆ, ಆದ್ದರಿಂದ ಬಲ್ಬ್ ಹಿಡಿದ ನಟ್ಟನ್ನು ಮಾತ್ರ ತಿರುಗಿಸಿ, ನಳಿಗೆಯನ್ನಲ್ಲ. ನಂತರದ ಎಲೆಕ್ಟ್ರಿಕ್ ಮೀಟರ್ ವೋಲ್ಟೇಜ್ ಸ್ಟೆಬಿಲೈಸರ್ ಕೆಟ್ಟರೆ ಸುಳ್ಳು ತೋರಿಸುತ್ತದೆ. ಪೆಟ್ರೋಲ್ ಮುಳ್ಳೂ ಜೊತೆಗೇ ಮೇಲೇರಿದ್ದರೆ ಅನುಮಾನ ಅದರ ಮೇಲಿರಲಿ.

ಬ್ಲಾಕ್ ತೊಳೆಯುವುದು

ಈ ಲೇಖನದಲ್ಲಿ ಒಂದೇ ಕೆಲಸ ಮಾಡುವಷ್ಟು ಬಿಡುವಿದ್ದರೆ ಇದನ್ನು ಮಾಡಿ. ಒಂದು ಭಾನುವಾರ ಪೂರ್ತಿ ಬೇಕು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು, ಹೀಟರ್ ಇದ್ದರೆ ಅದರ ನಾಬನ್ನು ಪೂರ್ತಿ ಬಿಸಿಗೆ ತಿರುಗಿಸಿ. ಹೀಟರ್ ವಾಲ್ವ್ ಮುಚ್ಚಿದ್ದರೆ ಅದರೊಳಗಿನ ಹಳೆಯ ನೀರು ಅಲ್ಲೇ ಉಳಿಯುತ್ತದೆ. ರೇಡಿಯೇಟರ್ ಕೆಳಗೆ ಟ್ಯಾಪ್ ಇದ್ದರೆ ಅದನ್ನು ತೆರೆಯಿರಿ, ಇಲ್ಲದಿದ್ದರೆ ಕೆಳಗಿನ ಹೋಸ್ ಬಿಚ್ಚಿ. 10 ಲೀಟರಿನ ಅಗಲ ಬಾಯಿಯ ಪಾತ್ರೆ ಇಟ್ಟೇ ಬಿಚ್ಚಬೇಕು. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ತೋಟದ ಕಾಲುವೆಗೂ ಬಾವಿಯ ಹತ್ತಿರವೂ ಸುರಿಯಲೇಬೇಡಿ.

ಇನ್ನು ಬ್ಲಾಕಿನ ಟ್ಯಾಪ್. ಅದು ಎಂಜಿನ್ನಿನ ಬಲಬದಿಯಲ್ಲಿ, ಹಿಂದುಗಡೆ ಕೆಳಗಿದೆ. ತೆರೆದಾಗ ನೀರು ಬರದಿದ್ದರೆ ಬ್ಲಾಕ್ ಖಾಲಿ ಎಂದು ತಿಳಿಯಬೇಡಿ. ತುಕ್ಕು ಬಾಯಿ ಕಟ್ಟಿದೆ ಎಂದೇ ಅರ್ಥ. ಟ್ಯಾಪನ್ನು ಬುಡಸಹಿತ ಬಿಚ್ಚಿ, ಗಟ್ಟಿ ತಂತಿ ತೂರಿಸಿ ಎಲ್ಲ ದಿಕ್ಕಿಗೂ ತಿರುವಿ. ಮೊದಲು ಕಂದು ಕೆಸರು, ಆಮೇಲೆ ತುಕ್ಕಿನ ಹಳಕು, ಕೊನೆಗೆ ನೀರು ಬರುತ್ತದೆ. ಥರ್ಮೋಸ್ಟ್ಯಾಟ್ ತೆಗೆದು, ಮೇಲಿನ ಬಾಯಿಯಿಂದ ತೋಟದ ಪೈಪಿನಲ್ಲಿ ನೀರು ಬಿಡಿ. ನಡುನಡುವೆ ಹರಿವನ್ನು ತಿರುಗಿಸಿ ಕೆಳಗಿನಿಂದಲೂ ಬಿಡಿ, ಮತ್ತೆ ತಂತಿ ಆಡಿಸಿ. ಈ ಹೊತ್ತಿನಲ್ಲಿ ರೇಡಿಯೇಟರಿನ ಎರಡೂ ಹೋಸ್ ಬಿಚ್ಚಿಯೇ ಇರಬೇಕು, ಬ್ಲಾಕಿನ ಗಸಿ ಅದರೊಳಗೆ ಹೋಗಬಾರದು. ಬಾವಿಯಲ್ಲಿ ನೀರು ತುಂಬಿರುವ ಕಾಲದಲ್ಲಿ ಮಾಡಿದರೆ ಕೈಬಿಗಿ ಹಿಡಿಯದೆ ತೊಳೆಯಬಹುದು.

ಎಷ್ಟು ಕೆದಕಿದರೂ ದಾರಿ ತೆರೆಯದಿದ್ದರೆ ಬ್ಲಾಕಿನ ಬದಿಯ ಕೋರ್ ಪ್ಲಗ್‌ಗಳನ್ನು (ಕಿಂಡಿ ಮುಚ್ಚಿದ ಲೋಹದ ಬಿಲ್ಲೆಗಳನ್ನು) ತೆಗೆಯುವುದೊಂದೇ ಉಪಾಯ. ಆ ಕಿಂಡಿಗಳಿಂದ ಬೆರಳು ಹಾಕಿದರೆ ಸಿಲಿಂಡರಿನ ಗೋಡೆ ಸಿಗಬೇಕು, ಕೆಸರಲ್ಲ. ಹೊಸ ಪ್ಲಗ್ ಹಿತ್ತಾಳೆಯದೇ ಇರಲಿ. ಕಬ್ಬಿಣದ್ದು ಕರಾವಳಿಯ ಹವೆಗೆ ಹೊರಗಿನಿಂದಲೂ ತುಕ್ಕು ಹಿಡಿಯುತ್ತದೆ.

ನೀರು ತಿಳಿಯಾದ ಮೇಲೆ ರಾಸಾಯನಿಕದ ಸರದಿ. ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಸಾಕು. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಸುಮಾರು 300 ಗ್ರಾಂ ಬೇಕು. ಬಿಸಿನೀರಿನಲ್ಲಿ ಕರಗಿಸಿಕೊಂಡು, ಹೋಸ್‌ಗಳನ್ನು ಮತ್ತೆ ಕೂರಿಸಿ ತುಂಬಿ. ಮೇಲಿನ ಹೋಸ್ ರೇಡಿಯೇಟರಿಗೆ ಸೇರುವಲ್ಲಿ ನೈಲಾನ್ ಕಾಲುಚೀಲದ ತುಂಡನ್ನು ಚೀಲದಂತೆ ಒಳಗೆ ಇಳಿಬಿಟ್ಟು ಕ್ಲಿಪ್ ಬಿಗಿದರೆ ಕಳಚಿ ಬರುವ ಹಳಕೆಲ್ಲ ಅದರಲ್ಲಿ ನಿಲ್ಲುತ್ತದೆ. ಎಂಜಿನ್ ಓಡಿಸಿ. ಥರ್ಮೋಸ್ಟ್ಯಾಟ್ ಇಲ್ಲದ್ದರಿಂದ ಬಿಸಿಯಾಗಲು ತಡವಾದರೆ ರೇಡಿಯೇಟರ್ ಮುಂದೆ ರಟ್ಟು ಇಡಿ. 70ರಿಂದ 80 ಡಿಗ್ರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ನಿಲ್ಲಿಸಿ, ಕೈ ಸುಡದಷ್ಟು ಆರಿದಾಗ ಖಾಲಿ ಮಾಡಿ. ರಾತ್ರಿಯಿಡೀ ಬಿಡಬಾರದು, ಆಸಿಡ್ ತುಕ್ಕು ಮುಗಿಸಿ ಲೋಹಕ್ಕೆ ಬಾಯಿ ಹಾಕುತ್ತದೆ. ಒಮ್ಮೆ ತೊಳೆದು, ನೀರಿಗೆ 100 ಗ್ರಾಂ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಓಡಿಸಿ, ಮತ್ತೆ ಎರಡು ಸಲ ತೊಳೆಯಿರಿ. ಕೊನೆಯದು ಡಿಸ್ಟಿಲ್ಡ್ ವಾಟರಿನಲ್ಲಿರಲಿ. ಕಾಲುಚೀಲ ತೆಗೆಯಲು ಮರೆಯಬೇಡಿ.

ಶೌಚಾಲಯ ತೊಳೆಯುವ ಆಸಿಡ್ ಹಾಕುವ ಪದ್ಧತಿ ಕೆಲವೆಡೆ ಇದೆ. ಅದು ಹೈಡ್ರೋಕ್ಲೋರಿಕ್ ಆಸಿಡ್, ಅಲ್ಯುಮಿನಿಯಂ ಹೌಸಿಂಗನ್ನು ಕಣ್ಣೆದುರೇ ತಿನ್ನುತ್ತದೆ. ಬಟ್ಟೆ ಸೋಡಾ ಕೂಡ ಅಲ್ಯುಮಿನಿಯಮ್ಮಿಗೆ ಆಗದು. ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಸವೆದ ರೇಡಿಯೇಟರ್, ತೂತಾಗುತ್ತಿರುವ ಪ್ಲಗ್ ಇಷ್ಟು ದಿನ ತುಕ್ಕಿನ ಬಲದ ಮೇಲೇ ನಿಂತಿದ್ದರೆ ತೊಳೆದ ಮೇಲೆ ಸೋರುತ್ತವೆ. ಸೋರುವುದಿದ್ದರೆ ಅರಬೈಲಿನ ತಿರುವಿನಲ್ಲಿ ಸೋರುವ ಬದಲು ಅಂಗಳದಲ್ಲೇ ಸೋರಲಿ.

ರೇಡಿಯೇಟರ್, ಒಳಗೂ ಹೊರಗೂ

ಕಾರವಾರ, ಅಂಕೋಲಾ, ಗೋಕರ್ಣದ ಸುತ್ತ ಗಾಡಿ ಇಟ್ಟವರಿಗೆ ಹೊರಗಿನ ಶತ್ರು ಉಪ್ಪುಗಾಳಿ. ತಾಮ್ರದ ಫಿನ್‌ಗಳು ಹಸಿರು ಕಿಲುಬು ಹಿಡಿದು, ನಳಿಗೆಗೆ ಬೆಸೆದ ಜಾಗದಲ್ಲಿ ಬಿಟ್ಟುಕೊಳ್ಳುತ್ತವೆ. ಆಗ ನೀರು ಚೆನ್ನಾಗಿಯೇ ಹರಿಯುತ್ತದೆ, ಒಂದು ಹನಿಯೂ ಸೋರುವುದಿಲ್ಲ, ಆದರೆ ಶಾಖ ಗಾಳಿಗೆ ದಾಟುವುದಿಲ್ಲ. ಪ್ರೆಶರ್ ಟೆಸ್ಟಿನಲ್ಲಿ ಇದು ಸಿಕ್ಕಿಬೀಳದು. ಬೆರಳಿನಿಂದ ಮೆಲ್ಲನೆ ಸವರಿದಾಗ ಫಿನ್ ಪುಡಿಯಾಗಿ ಉದುರಿದರೆ ಆ ಕೋರ್ (ನಳಿಗೆ, ಫಿನ್‌ಗಳಿರುವ ನಡುಭಾಗ) ಮುಗಿಯಿತು. ಹಳೆಯ ಮೇಲಿನ-ಕೆಳಗಿನ ಟ್ಯಾಂಕ್ ಉಳಿಸಿಕೊಂಡು ಹೊಸ ತಾಮ್ರದ ಕೋರ್ ಹಾಕಿಸಿ. ಹುಬ್ಬಳ್ಳಿಯಂಥ ಊರಿನಲ್ಲಿ ಈ ಕೆಲಸ ಮಾಡುವವರು ಸಿಗುತ್ತಾರೆ. ಒಪ್ಪಿಸುವಾಗ ಹಳೆಯ ಕೋರಿನ ದಪ್ಪ, ನಳಿಗೆಯ ಸಾಲು, ಒಂದಿಂಚಿಗೆ ಎಷ್ಟು ಫಿನ್ ಎಂದು ಎಣಿಸಿ ಬರೆದುಕೊಡಿ. ಇಲ್ಲದಿದ್ದರೆ ಕೈಗೆ ಸಿಕ್ಕ ಕೋರ್ ಕತ್ತರಿಸಿ ಕೂರಿಸುವುದುಂಟು.

ಒಳಗೆ ಕಟ್ಟಿಕೊಂಡಿದೆಯೇ ಎಂದು ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದು. ಎಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ ತೆರೆದ ಮೇಲೆ ಕೋರಿನ ಮೇಲೆಲ್ಲ ಹಿಡಿದು ನೋಡಿ. ಮೇಲಿನಿಂದ ಕೆಳಕ್ಕೆ ಸಮನಾಗಿ ಇಳಿಯಬೇಕು. ನಡುವೆ ಎಲ್ಲೋ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಆ ನಳಿಗೆಗಳು ಬಂದ್. ಮೇಲಿನ ಟ್ಯಾಂಕ್ ಬಿಚ್ಚಿಸಿ ತಂತಿ ಹೊಡೆಸಬಹುದು, ಆದರೆ ಹಳೆಯ ತೆಳು ನಳಿಗೆ ತಂತಿಗೆ ಹರಿಯುವುದೂ ಇದೆ.

ಸಮುದ್ರದ ಬದಿಯಲ್ಲಿ ಓಡಾಡಿ ಬಂದ ಮೇಲೆ ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಮುಂದಕ್ಕೆ ಸಿಹಿನೀರು ಬಿಡಿ. ಒತ್ತಡ ಕಡಿಮೆ ಇರಲಿ, ಕಾರ್ ವಾಷಿನ ಜೆಟ್ ಫಿನ್‌ಗಳನ್ನು ಮಡಚಿಬಿಡುತ್ತದೆ. ಬಿಸಿ ಇರುವಾಗ ಬೇಡ. ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ.

ಥರ್ಮೋಸ್ಟ್ಯಾಟ್ ಬೇಕೇ ಬೇಕು

ನಮ್ಮದು ಬಿಸಿ ಪ್ರದೇಶ, ಅದಕ್ಕೇನು ಅಗತ್ಯ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಥರ್ಮೋಸ್ಟ್ಯಾಟ್ ನೀರಿನ ದಾರಿಗೆ ಒಂದು ತಡೆಯೂ ಹೌದು. ಆ ತಡೆಯಿಂದ ಪಂಪಿನ ಒತ್ತಡ ಹೆಡ್‌ನೊಳಗೆ ಉಳಿದು, ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ ಉಗಿಯ ಗುಳ್ಳೆ ಹುಟ್ಟದಂತೆ ನೋಡಿಕೊಳ್ಳುತ್ತದೆ. ಅದನ್ನು ಕಿತ್ತರೆ ಮಳೆಗಾಲದ ಸಣ್ಣ ಓಡಾಟದಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ. ಆಯಿಲಿನಲ್ಲಿ ನೀರಿನ ಪಸೆ ಉಳಿದು ವಾಲ್ವ್ ಕವರಿನ ಒಳಗೆ ಬಿಳಿ ಮಡ್ಡಿ ಕಟ್ಟುತ್ತದೆ, ಬೋರ್ ಬೇಗ ಸವೆಯುತ್ತದೆ.

ಸಾಮಾನ್ಯಕ್ಕೆ 82 ಡಿಗ್ರಿಯದು, ಬಿಸಿ ಪ್ರದೇಶಕ್ಕೆ 74 ಡಿಗ್ರಿಯದು. ನಮ್ಮ ಕರಾವಳಿಗೆ 82 ಸಾಕು ಎಂಬುದು ನಮ್ಮ ಅಭಿಪ್ರಾಯ. 74 ಹಾಕಿದರೆ ಘಟ್ಟದ ಬುಡದಲ್ಲಿ ಕೆಲವು ಡಿಗ್ರಿ ಕಡಿಮೆಯಿಂದ ಹೊರಡುತ್ತೀರಿ ಅಷ್ಟೇ. ರೇಡಿಯೇಟರಿಗೆ ಶಕ್ತಿ ಸಾಲದಿದ್ದರೆ ನೆತ್ತಿ ತಲುಪುವಷ್ಟರಲ್ಲಿ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಹೊಸದನ್ನೂ ಪರೀಕ್ಷಿಸಿಯೇ ಹಾಕಿ. ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ತೂಗುಬಿಡಿ, ಥರ್ಮಾಮೀಟರ್ ಪಕ್ಕದಲ್ಲಿರಲಿ. ಬರೆದ ಡಿಗ್ರಿಯ ಆಸುಪಾಸು ತೆರೆಯಲು ಶುರುವಾಗಿ, ನೀರು ಕುದಿಯುವ ಮುನ್ನ ಪೂರ್ತಿ ತೆರೆದಿರಬೇಕು. ಗಾಳಿ ಹೊರಹೋಗುವ ಕಿಂಡಿ ಇಲ್ಲದಿದ್ದರೆ ಅಂಚಿನಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆಯಿರಿ.

ಕಷ್ಟವಿರುವುದು ಹೌಸಿಂಗ್ ತೆಗೆಯುವುದರಲ್ಲಿ. ಅಲ್ಯುಮಿನಿಯಂ ಮೊಣಕೈ ಮೂರು ಕಬ್ಬಿಣದ ಸ್ಟಡ್‌ಗಳಿಗೆ ಕಚ್ಚಿಕೊಂಡಿರುತ್ತದೆ, ಉಪ್ಪುಗಾಳಿಯಲ್ಲಂತೂ ಹೇಳುವುದೇ ಬೇಡ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಿರಿ, ಎಂಜಿನ್ ಓಡಿಸಿ ಬಿಸಿ ಮಾಡಿ, ಆರಿದ ಮೇಲೆ ಮರದ ತುಂಡಿಟ್ಟು ಎರಡೂ ಬದಿಯಿಂದ ಸಣ್ಣಗೆ ತಟ್ಟುತ್ತ ಎಬ್ಬಿಸಿ. ಕೂರಿಸುವಾಗ ಸ್ಟಡ್‌ಗೆ ಕಾಪರ್ ಗ್ರೀಸ್ ಹಚ್ಚಿ, ನಟ್ಟಿಗೆ 8 ಪೌಂಡ್-ಅಡಿ, ಅಂದರೆ ಸುಮಾರು 11 ನ್ಯೂಟನ್ ಮೀಟರ್ ಬಿಗಿ ಸಾಕು. ಅದಕ್ಕಿಂತ ಹೆಚ್ಚಿಗೆ ಎಳೆದರೆ ಕಿವಿ ಮುರಿಯುತ್ತದೆ.

ಪಂಪ್, ಹೋಸ್, ಕ್ಯಾಪ್, ಫ್ಯಾನ್

ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹನಿ ಕಂಡರೆ ಸೀಲ್ ಹೋಗಿದೆ. ಆ ತೂತು ಮುಚ್ಚಬೇಡಿ, ನೀರು ಬೇರಿಂಗಿಗೆ ತಿರುಗುತ್ತದೆ. ಬೆಲ್ಟ್ ಸಡಿಲಿಸಿ ಫ್ಯಾನ್ ಹಿಡಿದು ಆಡಿಸಿದಾಗ ಅಲುಗಿದರೂ ಪಂಪ್ ಬದಲಿಸಿ. ಎಂಜಿಬಿಗೆ ಮೂತಿ ಉದ್ದದ್ದು, ಗಿಡ್ಡದ್ದು ಎಂದು ಎರಡು ಬಗೆಯ ಪಂಪ್ ಇವೆ. ಅಳತೆ ನೋಡದೆ ತರಿಸಿದರೆ ಪುಲಿಗಳ ಸಾಲು ತಪ್ಪಿ ಬೆಲ್ಟ್ ಹರಿಯುತ್ತದೆ. ಪಂಪಿನ ಬೋಲ್ಟ್‌ಗಳಿಗೆ 17 ಪೌಂಡ್-ಅಡಿ. ಬೆಲ್ಟನ್ನು ಉದ್ದದ ಬದಿಯ ನಡುವೆ ಒತ್ತಿದರೆ 13 ಮಿಲಿಮೀಟರ್ ತಗ್ಗಬೇಕು.

ಹೋಸ್ ಒಳಗಿನಿಂದ ಸಾಯುತ್ತದೆ. ಹೊರಗೆ ಹೊಳೆಯುತ್ತಿದ್ದರೂ ಹಿಚುಕಿದಾಗ ಕರಕರ ಎಂದರೆ, ಇಲ್ಲವೇ ತೀರಾ ಮೆತ್ತಗಿದ್ದರೆ ಬದಲಿಸಿ. ಕೆಳಗಿನ ಹೋಸ್ ಪಂಪಿನ ಎಳೆತದ ಬದಿಯದು, ಮೆತ್ತಗಾದರೆ ಹೆಚ್ಚು ಆರ್‌ಪಿಎಮ್‌ನಲ್ಲಿ ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಅದು ಮತ್ತೆ ಉಬ್ಬಿಕೊಂಡಿರುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದು ಅಪರೂಪ. ಯಾರಾದರೂ ಆಕ್ಸಿಲರೇಟರ್ ಒತ್ತುವಾಗ ಬಾನೆಟ್ ತೆರೆದು ನೋಡಿ. ಕ್ಲಿಪ್‌ಗಳು 316 ದರ್ಜೆಯ ಸ್ಟೇನ್‌ಲೆಸ್ ಇರಲಿ, 304 ಕೂಡ ಸಮುದ್ರದ ಬದಿಯಲ್ಲಿ ಕಲೆ ಹಿಡಿಯುತ್ತದೆ.

ಕ್ಯಾಪ್ ವಿಷಯದಲ್ಲಿ ಉಳಿತಾಯ ಬೇಡ. ಮೊದಲ ವರ್ಷಗಳ ಗಾಡಿಗೆ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ), ನಂತರದ ಬಹುಪಾಲಿಗೆ 10. ಒಂದೊಂದು ಪಿಎಸ್‌ಐ ಒತ್ತಡಕ್ಕೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ, ಆದ್ದರಿಂದ ಸೀಲ್ ಸತ್ತ ಕ್ಯಾಪ್ ಒಂದೇ ಸಾಕು ಘಟ್ಟದಲ್ಲಿ ಕುದಿಸಲು. ಹೆಚ್ಚಿನ ಒತ್ತಡದ ಕ್ಯಾಪ್ ಹಾಕುವ ಆಸೆಗೂ ಬೀಳಬೇಡಿ, ಹಳೆಯ ಬೆಸುಗೆ ತಾಳದು. ರೇಡಿಯೇಟರ್ ಕತ್ತಿನ ಆಳದಲ್ಲಿ ಮುಕ್ಕಾಲು ಇಂಚಿನದು, ಒಂದು ಇಂಚಿನದು ಎರಡೂ ಇವೆ. ಗಿಡ್ಡ ಕ್ಯಾಪ್ ಆಳದ ಕತ್ತಿಗೆ ಹಾಕಿದರೆ ತಿರುಗಿ ಕೂರುತ್ತದೆ, ಒತ್ತಡ ಮಾತ್ರ ಹಿಡಿಯುವುದಿಲ್ಲ.

ಎಂಜಿನ್ ತಿರುಗಿಸುವ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದರೂ ಗಾಳಿ ಅದೇ ದಿಕ್ಕಿಗೆ ಬರುತ್ತದೆ, ಕಡಿಮೆ ಬರುತ್ತದೆ. ಅದಕ್ಕೇ ಈ ತಪ್ಪು ಎಷ್ಟೋ ದಿನ ಯಾರಿಗೂ ಗೊತ್ತಾಗುವುದಿಲ್ಲ. 1977ರ ಮಾದರಿಯಿಂದ ಎಲೆಕ್ಟ್ರಿಕ್ ಫ್ಯಾನ್ ಕಂಪನಿಯಿಂದಲೇ ಬಂತು. ಹಳೆಯದಕ್ಕೆ ಹಾಕಿಸುವವರು ರಿಲೇ ಮತ್ತು ಫ್ಯೂಸ್ ಇಲ್ಲದೆ ನೇರ ಜೋಡಿಸಬೇಡಿ. ಮೊದಲ ಗಾಡಿಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದೆ ಎಂಬುದು ನೆನಪಿರಲಿ, ತಂತಿ ಅದಲುಬದಲಾದರೆ ಎಲೆಕ್ಟ್ರಿಕ್ ಫ್ಯಾನ್ ನಿಜಕ್ಕೂ ಉಲ್ಟಾ ತಿರುಗುತ್ತದೆ. ರೇಡಿಯೇಟರ್ ಮೇಲಿನ ಮತ್ತು ಬದಿಯ ರಬ್ಬರ್, ಫೋಮ್ ಪಟ್ಟಿ ಉದುರಿದ್ದರೆ ಹೊಸದು ಅಂಟಿಸಿ. ಅವಿಲ್ಲದಿದ್ದರೆ ಎಂಜಿನ್ನಿನ ಬಿಸಿಗಾಳಿಯೇ ಸುತ್ತಿ ಮತ್ತೆ ಮುಂದೆ ಬರುತ್ತದೆ.

ತುಂಬುವ ಕ್ರಮ

ನೀರು ಡಿಸ್ಟಿಲ್ಡ್ ಆಗಿರಬೇಕು. ಅಳಿವೆಯ ಹತ್ತಿರದ ಬಾವಿಗಳಲ್ಲಿ ಉಪ್ಪಿನಂಶ ಇರುತ್ತದೆ, ಅದರ ಕ್ಲೋರೈಡ್ ಅಲ್ಯುಮಿನಿಯಮ್ಮನ್ನೂ ಬೆಸುಗೆಯನ್ನೂ ತಿನ್ನುತ್ತದೆ. ಘಟ್ಟದ ಮೇಲಿನ ಜಂಬಿಟ್ಟಿಗೆ ನೆಲದ ಬಾವಿನೀರು ಕುಡಿಯಲು ಮೆದು, ಸುಣ್ಣವೂ ಕಟ್ಟುವುದಿಲ್ಲ, ಆದರೆ ಅದಕ್ಕೆ ಹುಳಿ ಗುಣ. ಬರೀ ಅದನ್ನೇ ಹಾಕಿದರೆ ಕಬ್ಬಿಣ ತುಕ್ಕಾಗುತ್ತದೆ. ಬ್ಯಾಟರಿ ಅಂಗಡಿಯಲ್ಲಿ 5 ಲೀಟರಿನ ಕ್ಯಾನ್ ಸಿಗುತ್ತದೆ, ಬ್ಯಾಟರಿ ಆಸಿಡ್ ಅಲ್ಲವೆಂದು ಲೇಬಲ್ ಓದಿ ತನ್ನಿ.

ಕೂಲೆಂಟ್ ಸಿಲಿಕೇಟ್ ಇರುವ ಹಳೆಯ ಬಗೆಯದು ಬೇಕು. ಬಣ್ಣ ನೋಡಿ ಕೊಳ್ಳಬೇಡಿ, ಹಸಿರು, ನೀಲಿ, ಕೆಂಪು ಎಂಬುದಕ್ಕೆ ಯಾವ ನಿಯಮವೂ ಇಲ್ಲ. ಆರ್ಗ್ಯಾನಿಕ್ ಆಸಿಡ್ ಬಗೆಯ ದೀರ್ಘ ಬಾಳಿಕೆಯ ಕೂಲೆಂಟ್ ಹೊಸ ಕಾರುಗಳಿಗೆ ಸರಿ, ಸೀಸದ ಬೆಸುಗೆಯ ರೇಡಿಯೇಟರಿಗೆ ನಾವು ಸಲಹೆ ಮಾಡುವುದಿಲ್ಲ. ಡಬ್ಬಿಯ ಮೇಲೆ ಕಾನ್ಸೆಂಟ್ರೇಟ್ ಎಂದಿದೆಯೋ, ನೇರ ಬಳಕೆಯದೋ ಎಂದು ನೋಡಿ. ನೇರ ಬಳಕೆಯದಕ್ಕೆ ಮತ್ತೆ ನೀರು ಸೇರಿಸಿದರೆ ತುಕ್ಕು ತಡೆಯುವ ಅಂಶ ಸಾಲದೆ ಹೋಗುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಗ್ಲೈಕಾಲ್‌ಗಿಂತ ನೀರೇ ಶಾಖ ಹೆಚ್ಚು ಹೊರುತ್ತದೆ, ಆದ್ದರಿಂದ ಮೂರನೇ ಒಂದು ಪಾಲು ಕಾನ್ಸೆಂಟ್ರೇಟ್ ಸಾಕು. ಹೀಟರ್ ಸೇರಿ ಒಟ್ಟು 5.7 ಲೀಟರ್ ಹಿಡಿಯುವ ಎಂಜಿಬಿಗೆ 1.9 ಲೀಟರ್ ಕೂಲೆಂಟ್, ಉಳಿದದ್ದು ನೀರು.

ಎರಡನ್ನೂ ಮೊದಲೇ ಬೆರೆಸಬೇಡಿ. ಎಷ್ಟು ಬಸಿದರೂ ಬ್ಲಾಕಿನಲ್ಲಿ ತೊಳೆದ ನೀರು ಸ್ವಲ್ಪ ಉಳಿದಿರುತ್ತದೆ. 1.9 ಲೀಟರ್ ಕಾನ್ಸೆಂಟ್ರೇಟನ್ನು ಮೊದಲು ಹೊಯ್ದು, ಆಮೇಲೆ ನೀರಿನಿಂದ ಭರ್ತಿ ಮಾಡಿದರೆ ಪ್ರಮಾಣ ತಾನಾಗಿ ಸರಿಹೋಗುತ್ತದೆ. ಗಾಡಿಯ ಮೂತಿ ಏರಿನ ಕಡೆಗಿರಲಿ. ಹೀಟರಿನ ವಾಪಸ್ ಹೋಸ್ ಬಿಚ್ಚಿ ಎತ್ತಿ ಹಿಡಿದು ಅಲ್ಲಿಂದಲೂ ತುಂಬಿದರೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಕ್ಯಾಪ್ ಹಾಕದೆ ಓಡಿಸಿ, ಮೇಲಿನ ಹೋಸ್ ಬಿಸಿಯಾಗಿ ಮಟ್ಟ ಇಳಿದಾಗ ಮತ್ತೆ ಹಾಕಿ. ಎಕ್ಸ್‌ಪಾನ್ಶನ್ ಟ್ಯಾಂಕ್ ಇಲ್ಲದ ಗಾಡಿಯಲ್ಲಿ ಮಟ್ಟ ಬಾಯಿಯಿಂದ 25 ಮಿಲಿಮೀಟರಿನಷ್ಟು ಕೆಳಗಿರಬೇಕು. ಬಾಯಿತನಕ ತುಂಬಿದರೆ ಬಿಸಿಗೆ ಹಿಗ್ಗಿ ಹೊರಗೆ ಚೆಲ್ಲುತ್ತದೆ, ಚೆಲ್ಲಿದ್ದನ್ನು ಕಂಡು ಸೋರಿಕೆಯೆಂದು ಹೆದರಿ ಮತ್ತೆ ತುಂಬುವುದು, ಹೀಗೆ ವಾರ ವಾರವೂ ಕೂಲೆಂಟ್ ತೆಳುವಾಗುತ್ತ ಹೋಗುತ್ತದೆ.

ಎರಡು ವರ್ಷಕ್ಕೊಮ್ಮೆ ಬದಲಿಸಿ, ಅದೂ ಮೇ ತಿಂಗಳಲ್ಲಿ. ಮಳೆಗಾಲದಲ್ಲಿ ನಾಲ್ಕು ತಿಂಗಳು ಗಾಡಿ ನಿಂತೇ ಇರುವಾಗಲೇ ತುಕ್ಕು ತಡೆಯುವ ಶಕ್ತಿ ಹೆಚ್ಚು ಬೇಕು. ನಿಲ್ಲಿಸಿದ ಗಾಡಿಯನ್ನು ಐದು ನಿಮಿಷ ಓಡಿಸಿ ಬಂದ್ ಮಾಡುವುದಕ್ಕಿಂತ ಮುಟ್ಟದಿರುವುದು ಮೇಲು. ಓಡಿಸುವುದಾದರೆ ಥರ್ಮೋಸ್ಟ್ಯಾಟ್ ತೆರೆಯುವವರೆಗೆ, ಸಾಧ್ಯವಾದರೆ ರಸ್ತೆಯ ಮೇಲೆಯೇ ಓಡಿಸಿ.

ಇಷ್ಟೆಲ್ಲ ಆದರೂ ಘಟ್ಟದಲ್ಲಿ ಬಿಸಿಯಾದರೆ

ಇಗ್ನಿಷನ್ ಮತ್ತು ಕಾರ್ಬ್ಯುರೇಟರ್ ನೋಡಿ. ಟೈಮಿಂಗ್ (ಕಿಡಿ ಹಾರುವ ಹೊತ್ತು) ತಡವಾಗಿದ್ದರೆ ಉರಿ ಎಕ್ಸಾಸ್ಟ್ ದಾರಿಯವರೆಗೂ ಹಬ್ಬಿ ಹೆಡ್ ಕಾಯುತ್ತದೆ. ಮೊದಲ ಹೈ ಕಂಪ್ರೆಶನ್ ಎಂಜಿನ್‌ಗಳಿಗೆ ಸ್ಟ್ಯಾಟಿಕ್, ಅಂದರೆ ಎಂಜಿನ್ ನಿಂತಿರುವಾಗ ಹೊಂದಿಸುವ ಟೈಮಿಂಗ್ 10 ಡಿಗ್ರಿ. ಡಿಸ್ಟ್ರಿಬ್ಯೂಟರಿನ ತೂಕಗಳು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಸ್ಟ್ಯಾಟಿಕ್ ಸರಿಯಿದ್ದೂ ವೇಗದಲ್ಲಿ ಟೈಮಿಂಗ್ ಮುಂದೆ ಹೋಗುವುದಿಲ್ಲ, ಸ್ಟ್ರೋಬ್ (ಟೈಮಿಂಗ್ ನೋಡುವ ಮಿನುಗು ದೀಪ) ಹಿಡಿದು ಆರ್‌ಪಿಎಂ ಏರಿಸಿ ಪರೀಕ್ಷಿಸಿ. ಈಗ ಬಂಕುಗಳಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಆಮ್ಲಜನಕ ಹೊತ್ತೇ ಬರುವುದರಿಂದ ಹಳೆಯ ಎಸ್‌ಯು ಕಾರ್ಬ್ಯುರೇಟರಿನ ಮಿಶ್ರಣ ತೆಳುವಾಗುತ್ತದೆ. ಸ್ಪಾರ್ಕ್ ಪ್ಲಗ್ ಬೆಳ್ಳಗೆ ಸುಟ್ಟಂತೆ ಕಂಡರೆ ಎಚ್‌ಎಸ್4 ಮಾದರಿಯ ಎಸ್‌ಯುವಿನ ಜೆಟ್ ನಟ್ಟನ್ನು ಒಂದು ಮುಖದಷ್ಟು ಕೆಳಕ್ಕೆ, ಎಚ್‌ಐಎಫ್4 ಆದರೆ ಸ್ಕ್ರೂವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ. ಎರಡೂ ಕಾರ್ಬ್ಯುರೇಟರಿಗೆ ಸಮನಾಗಿ ಮಾಡಿ, ಮತ್ತೆ ಪ್ಲಗ್ ಬಿಚ್ಚಿ ನೋಡಿ.

ಮುಳ್ಳು ಏರುತ್ತಿರುವಾಗ ಹೀಟರ್ ಪೂರ್ತಿ ತೆರೆಯಿರಿ, ಕಾಲಿಗೆ ಸೆಕೆಯಾದರೂ ಎಂಜಿನ್ ಉಳಿಯುತ್ತದೆ. ಗೇರ್ ಇಳಿಸಿ ಆಕ್ಸಿಲರೇಟರ್ ಹಗುರ ಮಾಡಿ, ಪಂಪ್ ಮತ್ತು ಫ್ಯಾನ್ ವೇಗವಾಗಿ ತಿರುಗುತ್ತವೆ. ನೆತ್ತಿ ತಲುಪಿದೊಡನೆ ಬಂದ್ ಮಾಡಬೇಡಿ, ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಹರಿವು ನಿಂತರೆ ಹೆಡ್‌ನ ಶಾಖವೆಲ್ಲ ನಿಂತ ನೀರಿಗೆ ಇಳಿದು ಅದು ಆಗಲೇ ಕುದಿಯುತ್ತದೆ. ನಿಜಕ್ಕೂ ಕುದಿಯುತ್ತಿದ್ದರೆ ಮಾತ್ರ ಬಂದ್ ಮಾಡಿ, ಬಾನೆಟ್ ಎತ್ತಿ ಮುಕ್ಕಾಲು ಗಂಟೆ ಕಾಯಿರಿ. ಕ್ಯಾಪನ್ನು ದಪ್ಪ ಬಟ್ಟೆ ಹಾಕಿ ಮೊದಲ ಮೆಟ್ಟಿಲಿಗಷ್ಟೇ ತಿರುಗಿಸಿ, ಸದ್ದು ಪೂರ್ತಿ ನಿಂತ ಮೇಲೆ ತೆಗೆಯಿರಿ. ಬಿಸಿ ಬ್ಲಾಕಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಎಂಜಿನ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಡಿಕ್ಕಿಯಲ್ಲಿ ಸದಾ ಇರಬೇಕಾದವು: ಬೆರೆಸಿದ ಕೂಲೆಂಟ್ 2 ಲೀಟರ್, ಬೇರೆ ನೀರು 5 ಲೀಟರ್, ಒಂದು ಫ್ಯಾನ್ ಬೆಲ್ಟ್, ಮೇಲಿನ-ಕೆಳಗಿನ ಹೋಸ್, ನಾಲ್ಕು ಕ್ಲಿಪ್, ಸಿಲಿಕೋನ್ ಸುತ್ತುಟೇಪ್, ಮತ್ತು ಡೈನಮೋ ಅಥವಾ ಆಲ್ಟರ್ನೇಟರ್ ಸಡಿಲಿಸಲು ಅರ್ಧ ಇಂಚಿನ ಎರಡು ಸ್ಪ್ಯಾನರ್.